ಗಾಳಿಬಾಯಿಗೆ ಅಂಟಿದ ಹೆಸರು

ರೈಮೊ ತಾಸ್ಕಿನೆನ್ ಹೊಸಬರ ಮುಂದೆ ತನ್ನ ಪರಿಚಯ ಹೇಳಿಕೊಳ್ಳುವುದು ಹೀಗೆ: "ನಾನು ಗಾಳಿ ವ್ಯಾಪಾರಿ. ಗಾಳಿ ಪುಕ್ಕಟೆ. ಅದರಲ್ಲಿರೋ ಧೂಳು ತೆಗೆದಿದ್ದಕ್ಕೆ ಮಾತ್ರ ದುಡ್ಡು." ಫಿನ್ಲೆಂಡಿನ ನಡುನಾಡಿನ ಆ ಸರೋವರದ ಊರಿನ ಜನ ಇದಕ್ಕೆ ನಗುವುದಿಲ್ಲ. ತಲೆಯಾಡಿಸಿ ಕಾಫಿ ಲೋಟಕ್ಕೆ ಬಾಯಿ ಹಚ್ಚುತ್ತಾರೆ. ರೈಮೊನಿಗೆ ಬೇಜಾರಿಲ್ಲ. ನಕ್ಕವರು ಚೌಕಾಸಿಗೆ ಇಳಿಯುತ್ತಾರೆ, ತಲೆಯಾಡಿಸಿದವರು ಸುಮ್ಮನೆ ಕೊಳ್ಳುತ್ತಾರೆ ಎಂಬುದು ಅವನು ಇಡೀ ಆಯುಸ್ಸಿನಲ್ಲಿ ಸಂಪಾದಿಸಿದ ಒಂದೇ ಜ್ಞಾನ.

ಅವನ ಮಾಲು ಎಂದರೆ ದೊಡ್ಡ ಕಟ್ಟಡಗಳ ಅಟ್ಟದಲ್ಲಿರುವ ಗಾಳಿಯಂತ್ರದೊಳಗೆ ಸಾಲಾಗಿ ನಿಲ್ಲಿಸುವ ಸೋಸುಚೀಲಗಳು. ಹಾಕುವಾಗ ಹೊಸ ಸೊಸೆಯ ದಿಂಬಿನ ಕವರಿನ ಹಾಗೆ ಬೆಳ್ಳಗಿರುತ್ತವೆ. ತೆಗೆಯುವಾಗ ಸೌನಾ ಎಂಬ ಹಬೆಸ್ನಾನದ ಕೋಣೆಯ ಹೊಗೆಗೂಡಿನ ಒಳಮೈಯ ಹಾಗೆ. ಊರಿನ ಆಸ್ಪತ್ರೆ, ಗ್ರಂಥಾಲಯ, ಈಜುಕೊಳ ಎಲ್ಲಕ್ಕೂ ಅವನದೇ ಚೀಲ. ಎಲ್ಲರಿಗಿಂತ ದೊಡ್ಡ ಗಿರಾಕಿ ವಿಶ್ವವಿದ್ಯಾಲಯ.

ವಿಶ್ವವಿದ್ಯಾಲಯಕ್ಕೂ ರೈಮೊನಿಗೂ ಹಳೆಯ ನಂಟು. ಹುಡುಗನಾಗಿದ್ದಾಗ ಭಾಷಾ ಭವನದ ಉಪನ್ಯಾಸ ಕೋಣೆಯಲ್ಲಿ ಒಂದು ವರ್ಷ ಲ್ಯಾಟಿನ್ ಕಲಿಯಲು ಕೂತಿದ್ದ. ಕೂತಿದ್ದಕ್ಕಿಂತ ನಿದ್ದೆ ಹೊಡೆದದ್ದೇ ಹೆಚ್ಚು. ವರ್ಷದ ಕೊನೆಗೆ ಪ್ರೊಫೆಸರು ಅವನ ಭುಜ ತಟ್ಟಿ ಎಬ್ಬಿಸಿ, ಬೇರೇನಾದರೂ ಮಾಡುವುದು ಒಳ್ಳೆಯದು ಎಂದು ಬಹಳ ಮರ್ಯಾದೆಯಿಂದ ಹೇಳಿದ್ದರು. ಈ ವ್ಯಾಪಾರಕ್ಕೆ ಬಿದ್ದ ಮೇಲೆ ಆ ನಿದ್ದೆಗೆ ಅವನಿಗೊಂದು ವೈಜ್ಞಾನಿಕ ಕಾರಣ ಸಿಕ್ಕಿತು. ಆ ಕೋಣೆಯಲ್ಲಿ ಹೊಸ ಗಾಳಿ ಸಾಲುತ್ತಿರಲಿಲ್ಲವಂತೆ. ಅದೇ ಗಾಳಿ ಕುಡಿದ ಪಕ್ಕದ ಬೆಂಚಿನವರು ಪ್ರೊಫೆಸರಾಗಿದ್ದು ಹೇಗೆ ಎಂದು ಅವನ ಹೆಂಡತಿ ಐಲಾ ಕೇಳಿದರೆ ಮಾತ್ರ ರೈಮೊ ಮಾತು ಬದಲಿಸುತ್ತಿದ್ದ.

ಐಲಾ ಅದೇ ಭಾಷಾ ಭವನದಲ್ಲಿ ವಿಭಾಗದ ಕಚೇರಿ ನೋಡಿಕೊಳ್ಳುವವಳು. ಅಂದರೆ ಗಂಡ ಆ ಕಟ್ಟಡದ ಅಟ್ಟ ಹತ್ತುತ್ತಿದ್ದ, ಹೆಂಡತಿ ಎರಡನೇ ಮಹಡಿಯಲ್ಲಿ ಕೂರುತ್ತಿದ್ದಳು. ನಡುವಿನ ಆ ಒಂದು ಮಹಡಿಯನ್ನು ಇಳಿದು, ತನ್ನ ಚೀಲ ದಾಟಿದ ಗಾಳಿ ಎಲ್ಲಿಗೆ ಹೋಗಿ ಯಾರ ಮೂಗಿಗೆ ತಲುಪುತ್ತದೆ ಎಂದು ರೈಮೊ ಒಂದು ದಿನವೂ ನೋಡಿದವನಲ್ಲ. ಹಾಲು ಮಾರುವವನು ಕರೆಯುವ ಹಸುವನ್ನು ನೋಡುತ್ತಾನೆ, ಕುಡಿಯುವ ಕೂಸನ್ನು ಎಲ್ಲಿ ನೋಡುತ್ತಾನೆ?

ಕ್ರಿಸ್‌ಮಸ್ಸಿಗೆ ಬೇರೆ ವ್ಯಾಪಾರಿಗಳು ಗಿರಾಕಿಗಳಿಗೆ ಕ್ಯಾಲೆಂಡರು, ಚಾಕೊಲೇಟು ಹಂಚಿದರೆ ರೈಮೊ ಹಂಚುತ್ತಿದ್ದುದು ಟೇಪು. ಬೆಳ್ಳಿ ಬಣ್ಣದ, ಗಾಳಿಕೊಳವೆಯ ಕೀಲಿಗೆ ಸುತ್ತುವ ಗಟ್ಟಿ ಟೇಪು. ಅದರ ಉದ್ದಕ್ಕೂ ಹಸಿರು ಅಕ್ಷರದಲ್ಲಿ "ತಾಸ್ಕಿನೆನ್: ನಿಶ್ಚಿಂತೆಯಿಂದ ಉಸಿರಾಡಿ" ಎಂದು ಅಚ್ಚು ಹಾಕಿಸಿದ್ದ. ಚಾಕೊಲೇಟು ಸಂಜೆಯೊಳಗೆ ಮುಗಿಯುತ್ತದೆ, ಕ್ಯಾಲೆಂಡರು ವರ್ಷದೊಳಗೆ. ಟೇಪು ಮಾತ್ರ ತನ್ನ ಹೆಸರನ್ನು ತನಗಿಂತ ಹೆಚ್ಚು ಕಾಲ ಹಿಡಿದಿಟ್ಟುಕೊಳ್ಳುತ್ತದೆ ಎಂದು ಅವನ ಲೆಕ್ಕ. ಭಾಷಾ ಭವನಕ್ಕೆ ಪ್ರತಿ ವರ್ಷ ಒಂದು ಡಬ್ಬಿ ತುಂಬ ಹೋಗುತ್ತಿತ್ತು. ಲ್ಯಾಟಿನ್ ಓದಿಕೊಂಡವರಿಗೆ ಇಷ್ಟೊಂದು ಟೇಪು ಯಾಕೆ ಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಖಾಲಿಯಾಗುತ್ತಿತ್ತಲ್ಲ, ಖುಷಿಪಟ್ಟುಕೊಂಡ.

ಅರವತ್ತು ದಾಟುವ ಹೊತ್ತಿಗೆ ರೈಮೊನ ಎಡ ಮೊಣಕಾಲು ಅಟ್ಟದ ಕಬ್ಬಿಣದ ಮೆಟ್ಟಿಲುಗಳ ಮೇಲೆ ಅವನಿಗಿಂತ ಮೊದಲೇ ನಿವೃತ್ತಿ ತೆಗೆದುಕೊಂಡಿತು. ಆಗಲೇ ಹೆಲ್ಸಿಂಕಿಯ ಒಂದು ದೊಡ್ಡ ಕಂಪನಿ ಅವನ ಅಂಗಡಿಯನ್ನು ಹೆಸರು ಸಮೇತ ಕೊಳ್ಳುತ್ತೇವೆಂದು ಮುಂದೆ ಬಂತು. ಉದ್ದ ಕೋಟಿನ ಇಬ್ಬರು ಬಂದು, ಗೋದಾಮು ನೋಡಿ, ಐಲಾ ಮಾಡಿದ ಏಲಕ್ಕಿ ಬನ್ನು ತಿಂದು, ಒಂದೇ ಒಂದು ಷರತ್ತು ಹಾಕಿ ಹೋದರು. ವಿಶ್ವವಿದ್ಯಾಲಯದ ದೊಡ್ಡ ಆರ್ಡರೊಂದು ಕೈಯಲ್ಲಿರಬೇಕು. ಅದಿದ್ದರೆ ರೈಮೊ ವ್ಯಾನಿನ ಕೀಲಿ ಅವರ ಕೈಗೆ ಕೊಟ್ಟು ಸರೋವರದ ದಂಡೆಯ ತನ್ನ ಮರದ ಮನೆಗೆ ಹೋಗಿ ಕಾಲು ಚಾಚಬಹುದು. ಇಲ್ಲದಿದ್ದರೆ ಮೆಟ್ಟಿಲು ಇದ್ದೇ ಇದೆ.

ಹೇಳಿ ಕಳಿಸಿದ ಹಾಗೆ ಆ ಚಳಿಗಾಲ ಭಾಷಾ ಭವನಕ್ಕೆ ಕಾಯಿಲೆ ಬಂತು.

ಆ ನಾಡಿನಲ್ಲಿ ಕಟ್ಟಡಗಳಿಗೂ ಮನುಷ್ಯರಂತೆ ಕಾಯಿಲೆ ಬರುತ್ತದೆ. ಮಧ್ಯಾಹ್ನವಾದರೆ ಅಧ್ಯಾಪಕರಿಗೆ ತಲೆನೋವು, ಕಣ್ಣುರಿ. ಪಾಠ ಹೇಳುವವರೂ ಕೇಳುವವರೂ ಒಟ್ಟಿಗೆ ಆಕಳಿಕೆ. ಐಲಾಳ ಮೇಜಿನ ಡ್ರಾಯರಿನಲ್ಲಿ ಪೆನ್ನಿಗಿಂತ ಹೆಚ್ಚು ಮಾತ್ರೆ. ಕೂಡಲೇ ಒಂದು ಒಳಗಾಳಿ ಸಮಿತಿ ನೇಮಕವಾಯಿತು. ಬೂಷ್ಟು ಹುಡುಕಲೆಂದು ಗೋಡೆ ಕೊರೆದರು, ನೆಲ ಎಬ್ಬಿಸಿದರು. ಬೂಷ್ಟು ಸಿಗಲಿಲ್ಲ. ಸಿಕ್ಕಿದ್ದರೆ ಎಲ್ಲರಿಗೂ ನೆಮ್ಮದಿಯಾಗುತ್ತಿತ್ತು. ಕಟ್ಟಡ ಖಾಲಿ ಮಾಡಿಸಿ ಎಲ್ಲರನ್ನೂ ಕಾರು ನಿಲ್ಲಿಸುವ ಬಯಲಿನ ಹಿಂದಿನ ತಗಡಿನ ಪೆಟ್ಟಿಗೆ ಕೋಣೆಗಳಿಗೆ ಹಾಕುವ ಮಾತು ಶುರುವಾಯಿತು.

ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ. ಗಾಳಿ ಬಾರದಿದ್ದಾಗ ತೂರಿಕೊಳ್ಳಲು ಹೊರಟವನು ರೈಮೊ ಒಬ್ಬನೇ ಇರಬೇಕು. ವಿಶ್ವವಿದ್ಯಾಲಯದ ಕಟ್ಟಡಗಳ ಉಸ್ತುವಾರಿ ಯೋರ್ಮ ಹಾಲ್ಮೆ ಅವನ ಜೊತೆ ಸೌನಾದಲ್ಲಿ ಬೆವರುವ ಗೆಳೆಯ. ಇಬ್ಬರೂ ಬೆಂಚಿನ ಮೇಲೆ ಕೂತಿದ್ದಾಗ ರೈಮೊ ಸಲೀಸಾಗಿ ಮಾತು ತೆಗೆದ. ತನ್ನ ಅಂಗಡಿಯಲ್ಲಿರುವ ಗಾಳಿ ಸೋಸುವ ಮಷಿನ್, ಅಂದರೆ ಏರ್ ಪ್ಯೂರಿಫೈಯರ್, ಕೋಣೆಗೊಂದು ಇಟ್ಟುಬಿಟ್ಟರೆ ತಗಡಿನ ಪೆಟ್ಟಿಗೆ ಯಾಕೆ ಬೇಕು, ಅಲ್ಲವೆ? ಯೋರ್ಮ ಕಾದ ಕಲ್ಲಿಗೆ ನೀರು ಹಾಕಿ ಹಬೆ ಎಬ್ಬಿಸಿ, ಮೊದಲು ಕೋಣೆ ಕೋಣೆ ತಿರುಗಿ ಯಾವ ಮಷಿನ್ ಎಲ್ಲಿ ಹಿಡಿಯುತ್ತದೆ ನೋಡಿಕೊಂಡು ಬಾ, ಬುಧವಾರ ಸಮಿತಿಯ ಮುಂದೆ ಹೇಳು, ಅಲ್ಲೇ ತೀರ್ಮಾನ ಮಾಡೋಣ ಎಂದ. ಯೋರ್ಮನ ಬಾಯಲ್ಲಿ ಇದು ಹೂಂ ಅಂದ ಹಾಗೆಯೇ. ರೈಮೊ ಆ ರಾತ್ರಿಯೇ ಹೆಲ್ಸಿಂಕಿಯ ಕೋಟುಗಳಿಗೆ ಸುದ್ದಿ ಕಳಿಸಿದ.

ಸರೋವರ ಪೂರ್ತಿ ಹೆಪ್ಪುಗಟ್ಟಿದ್ದ ಒಂದು ಬೆಳಗ್ಗೆ ಅವನು ಎರಡನೇ ಮಹಡಿಯ ಪಡಸಾಲೆಯ ತುದಿಯಿಂದ ಶುರು ಮಾಡಿದ. ತುದಿಯ ಕೋಣೆ ಕೆರ್ತು ಸವಿಕ್ಕೊ ಎಂಬ ಹಿರಿಯ ಅಧ್ಯಾಪಕಿಯದು. ಉತ್ತರದ ಹಳೆಯ ನುಡಿಗಳ ಪದ ಕೂಡಿಸುವವಳು. ಬಾಗಿಲು ತೆಗೆದರೆ ಮುಖಕ್ಕೆ ರಪ್ಪನೆ ಗಾಳಿ. ಕಿಟಕಿ ಮುಚ್ಚಿದೆ, ಪರದೆ ಮಾತ್ರ ಬಾವುಟದಂತೆ ಹಾರುತ್ತಿದೆ. ಮೇಜಿನ ತುಂಬ ಕಾಗದ. ಕಾಗದದ ಮೇಲೆಲ್ಲ ಸರೋವರದ ದಂಡೆಯಿಂದ ತಂದ ಕಲ್ಲುಗಳು. ಕೆರ್ತು ಉಣ್ಣೆಯ ಟೋಪಿ ಕಿವಿವರೆಗೂ ಎಳೆದುಕೊಂಡು, ಬೆರಳಿಲ್ಲದ ಕೈಗವಸು ಹಾಕಿಕೊಂಡು ಬರೆಯುತ್ತಿದ್ದಳು.

"ಚಳಿ ಆಗಲ್ವಾ?" ಎಂದ ರೈಮೊ.

"ಆಗುತ್ತೆ."

"ಯೋರ್ಮಂಗೆ ಹೇಳಬಾರದಿತ್ತಾ?"

"ಅವನಿಗೆ ಬೇರೆ ಕೆಲಸ ಇರುತ್ತೆ," ಎಂದು ಕೆರ್ತು ಒಂದು ಕಲ್ಲನ್ನು ಸರಿಸಿ ಇನ್ನೊಂದು ಕಾಗದದ ಮೇಲಿಟ್ಟಳು.

ರೈಮೊ ಚಾವಣಿಯಲ್ಲಿ ಗಾಳಿ ಹೊರಬೀಳುವ ತೂತಿನ, ಗಾಳಿಬಾಯಿಯ, ಕೆಳಗೆ ನಿಂತು ಮುಖ ಮೇಲೆತ್ತಿದ. ತನ್ನ ಚೀಲಗಳನ್ನು ದಾಟಿ ಬಂದ ಗಾಳಿ! ಇಷ್ಟು ವರ್ಷ ಮಾರಿದ ಮಾಲಿನ ರುಚಿಯನ್ನು ಈಗ ಮೊದಲ ಸಲ ನೋಡುತ್ತಿದ್ದ. ಎದೆ ಉಬ್ಬಿತು. ಇಂಥ ಗಾಳಿ ಇರುವ ಕೋಣೆಗೆ ಮಷಿನ್ ಬೇಡ, ಒಂದು ಕಡಿಮೆಯಾದರೆ ಆಗಲಿ ಎಂದು ಉದಾರವಾಗಿ ಅಂದುಕೊಂಡು ಪಕ್ಕದ ಕೋಣೆಗೆ ಹೋದ.

ಪಕ್ಕದ ಕೋಣೆಯಲ್ಲಿ ಯಾರೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ನಿನ್ನೆಯ ಕಾಫಿ, ಒದ್ದೆ ಬೂಟು, ಮೊನ್ನೆಯ ಚಿಂತೆ ಎಲ್ಲ ಕಲಸಿದ ವಾಸನೆ. ರೈಮೊ ಕೈ ಮೇಲೆತ್ತಿದ. ಅಂಗೈಗೆ ಏನೂ ತಾಗಲಿಲ್ಲ. ಕುರ್ಚಿ ಎಳೆದು, ನರಳುವ ಮೊಣಕಾಲನ್ನು ಬೈದು ಹತ್ತಿದ. ಗಾಳಿಬಾಯಿಗೆ ಬೆಳ್ಳಿ ಬಣ್ಣದ ಟೇಪು, ಮೂಲೆ ಮೂಲೆ ಒತ್ತಿ, ಒಂದು ಗುಳ್ಳೆಯೂ ಏಳದಂತೆ ಅಂಟಿಸಿತ್ತು. ಮೂಗಿನ ನೇರಕ್ಕೆ ಹಸಿರು ಅಕ್ಷರ: ನಿಶ್ಚಿಂತೆಯಿಂದ ಉಸಿರಾಡಿ.

ಅದರ ಪಕ್ಕದ ಕೋಣೆಯಲ್ಲೂ ಅದೇ. ಅದರಾಚೆಯದರಲ್ಲೂ ಅದೇ. ಒಬ್ಬರು ಟೇಪನ್ನು ಅಡ್ಡ ಉದ್ದ ಹೆಣೆದಿದ್ದರು. ಒಬ್ಬರು ಮೊದಲು ರಟ್ಟು ಇಟ್ಟು ಅದರ ಮೇಲೆ ಅಂಟಿಸಿದ್ದರು. ಒಬ್ಬ ನಾಜೂಕಿನವನು ಗೊತ್ತಾಗದಿರಲಿ ಎಂದು ಬಿಳಿ ಬಣ್ಣ ಬಳಿದಿದ್ದ. ವಿಭಾಗದ ಮುಖ್ಯಸ್ಥರು ಎರಡು ಪದರ ಹಾಕಿದ್ದರು, ಅವರ ಹುದ್ದೆಗೆ ತಕ್ಕ ಹಾಗೆ. ಇಷ್ಟಾದರೂ ರೈಮೊನ ತಲೆಯ ಒಂದು ಮೂಲೆ ಟೇಪಿನ ಅಂಟನ್ನು ಮೆಚ್ಚಿಕೊಳ್ಳುತ್ತಲೇ ಇತ್ತು. ವ್ಯಾಪಾರಿಯ ತಲೆ. ಮನೆಗೆ ಬೆಂಕಿ ಬಿದ್ದರೆ ಬೆಂಕಿಪೊಟ್ಟಣ ಒಳ್ಳೆಯದು ಅನ್ನುವ ಜಾತಿ.

ಆಗ ಅವನಿಗೆ ಅರ್ಥವಾಯಿತು. ಆ ಜನ ಹೆಪ್ಪುಗಟ್ಟಿದ ಸರೋವರಕ್ಕೆ ತೂತು ಕೊರೆದು ಐಸು ನೀರಿಗೆ ಮುಳುಗುತ್ತಾರೆ, ಕತ್ತಿನ ಹಿಂದೆ ಸುಳಿಯುವ ಒಂದೆಳೆ ಗಾಳಿಯನ್ನು ಮಾತ್ರ ತಾಳುವುದಿಲ್ಲ. ಯಾರೋ ಒಬ್ಬರು ಮೊದಲು ತಮ್ಮ ಗಾಳಿಬಾಯಿ ಮುಚ್ಚಿದ್ದಾರೆ. ಅಟ್ಟದ ಯಂತ್ರ ನೂಕುವ ಗಾಳಿ ಎಲ್ಲಿಗಾದರೂ ಹೋಗಬೇಕಲ್ಲ, ಪಕ್ಕದ ಕೋಣೆಗೆ ಜೋರಾಗಿ ನುಗ್ಗಿದೆ. ಪಕ್ಕದವರಿಗೆ ಕತ್ತು ಹಿಡಿದಿದೆ, ಅವರೂ ಅಂಟಿಸಿದ್ದಾರೆ. ಹೀಗೆ ಒಂದೊಂದೇ ಬಾಗಿಲು ದಾಟುತ್ತ ಇಡೀ ಮಹಡಿಯ ಗಾಳಿ ಕೊನೆಗೆ ಕೆರ್ತುವಿನ ಟೋಪಿಯ ಮೇಲೆ ಬಂದು ಬಿದ್ದಿದೆ. ವಿಶ್ವವಿದ್ಯಾಲಯದ ಚಾವಣಿಗೆ ಕೈ ಹಚ್ಚುವುದು ತನ್ನ ಕೆಲಸವಲ್ಲ ಎಂದು ನಂಬಿದ್ದವಳು ಅವಳೊಬ್ಬಳೇ.

ಕೊನೆಗೆ ಐಲಾಳ ಕಚೇರಿ. ರೈಮೊ ನೇರ ಹೋಗಿ ಕುರ್ಚಿ ಹತ್ತಿದ.

"ಇಳಿ," ಎಂದಳು ಐಲಾ. "ಸಂಜೆ ಮೊಣಕಾಲು ಅಂತ ನನ್ನ ಹತ್ರ ನರಳ್ಬೇಡ."

"ಇದನ್ನ ಯಾರು ಅಂಟಿಸಿದ್ದು?"

"ಹೆಸರು ಬರೆದಿದ್ಯಲ್ಲ, ಓದ್ಕೋ."

ರೈಮೊ ಇಳಿದು ಅದೇ ಕುರ್ಚಿಯಲ್ಲಿ ಕೂತ. ಐಲಾ ಬಾಗಿಲು ಮುಚ್ಚಿ ಬಂದಳು. ಕತ್ತು ಹಿಡಿಯುತ್ತಿತ್ತು, ಹಿಂದಿನ ವರ್ಷ ಶರತ್ಕಾಲದಲ್ಲೇ ಅಂಟಿಸಿದ್ದೆ, ಯಾರಿಗೂ ಗೊತ್ತಿಲ್ಲ, ಒಂದು ಬಾಯಿ ಮುಚ್ಚಿದರೆ ಇಷ್ಟು ದೊಡ್ಡ ಕಟ್ಟಡಕ್ಕೆ ಏನಾಗುತ್ತದೆ ಅಂದುಕೊಂಡೆ ಎಂದಳು. ಆಮೇಲೆ ಗೋಡೆ ಕೊರೆಯುವಾಗ ಹೇಳಲು ನಾಚಿಕೆಯಾಯಿತಂತೆ.

"ಎಲ್ಲರೂ ಅಂಟಿಸಿದಾರೆ, ಐಲಾ. ಕೆರ್ತು ಒಬ್ಬಳನ್ನ ಬಿಟ್ಟು."

ಐಲಾ ಚಾವಣಿಯ ಟೇಪಿನ ಕಡೆ ನೋಡಿದಳು. "ನಾನೊಬ್ಬಳೇ ಅಂದ್ಕೊಂಡಿದ್ದೆ," ಎಂದಳು. ಆ ಪಡಸಾಲೆಯಲ್ಲಿ ಪ್ರತಿಯೊಬ್ಬರೂ ಅದನ್ನೇ ಅಂದುಕೊಂಡಿದ್ದರು. ಪಕ್ಕದವರ ಬಾಗಿಲು ತಟ್ಟಿ ನಿನಗೂ ಕತ್ತು ಹಿಡಿಯುತ್ತಾ ಎಂದು ಕೇಳುವ ಬದಲು ಚಳಿಗಾಲವಿಡೀ ತಲೆನೋವು ಅನುಭವಿಸಿದ್ದರು. ಬೇರೊಬ್ಬರಿಗೆ ತೊಂದರೆ ಕೊಡಬಾರದಲ್ಲ.

"ನನಗಾದ್ರೂ ಹೇಳಬಾರದಿತ್ತಾ?"

"ನಿನಗೆ ಹೇಳಿದ್ರೆ ಇನ್ನೊಂದು ಫಿಲ್ಟರ್ ಮಾರ್ತಿದ್ದೆ." ಅವಳು ಹಣೆ ಒತ್ತಿಕೊಂಡಳು. "ಬುಧವಾರ ಏನ್ ಹೇಳ್ತೀಯ?"

"ಮಷಿನ್ ಬಗ್ಗೆ ಹೇಳ್ತೀನಿ."

"ಹೇಳು. ನಾನು ಬರ್ಕೊಳ್ಳೋಳಷ್ಟೇ." ಸಮಿತಿಯ ನಡಾವಳಿ ಬರೆಯುವುದು ಐಲಾಳ ಕೆಲಸ.

ಬುಧವಾರದವರೆಗೆ ರೈಮೊ ತನ್ನೊಳಗೇ ಚೌಕಾಸಿ ಮಾಡಿದ. ಮಷಿನ್ ಇಡುವುದು ನೆಲದ ಮೇಲೆ. ಚಾವಣಿಯನ್ನು ಯಾರು ನೋಡುತ್ತಾರೆ? ಆದರೆ ಮಷಿನ್ನು ಕೋಣೆಯ ಹಳೆಯ ಗಾಳಿಯನ್ನೇ ತಿರುತಿರುಗಿ ಸೋಸುತ್ತದೆ, ಹೊಸ ಗಾಳಿ ತರುವುದಿಲ್ಲ. ತಲೆನೋವು ಸೋಸುವ ಚೀಲವನ್ನು ಇನ್ನೂ ಯಾವ ಕಂಪನಿಯೂ ಹೊಲಿದಿಲ್ಲ. ವಸಂತ ಬರುವುದರೊಳಗೆ ಎಲ್ಲರೂ ಮಾಲು ವಾಪಸು ಎನ್ನುತ್ತಾರೆ. ಅನ್ನಲಿ ಬಿಡು, ಅಷ್ಟು ಹೊತ್ತಿಗೆ ಅಂಗಡಿ ಹೆಲ್ಸಿಂಕಿಯವರದು, ಬೈಗುಳವೂ ಅವರದೇ. ಹೀಗೆ ಯೋಚಿಸಿ ತನ್ನ ಬುದ್ಧಿಗೆ ತಾನೇ ತಲೆದೂಗಿದ. ಕೊನೆಯ ಚೌಕಾಸಿಯಲ್ಲಿ ಗೆದ್ದೆ ಅಂದುಕೊಂಡೇ ಒಳ್ಳೆಯ ಅಂಗಿ ಹಾಕಿಕೊಂಡು ಸಭೆಗೆ ಹೋದ.

ಸಭೆಯಲ್ಲಿ ಮೊದಲು ಕಾಫಿ. ಆಮೇಲೆ ಎಲ್ಲರೂ ಲೋಟ ನೋಡಿಕೊಂಡು ಕೂರುವುದು. ಯೋರ್ಮ ಒಬ್ಬೊಬ್ಬರನ್ನೇ ಅವರವರ ಕೋಣೆಯ ಗಾಳಿ ಹೇಗಿದೆ ಎಂದು ಕೇಳುತ್ತ ಬಂದ. ಗಟ್ಟಿಯಾಗಿದೆ, ಭಾರವಾಗಿದೆ, ಬದುಕಿಲ್ಲದ ಗಾಳಿ ಎಂದೆಲ್ಲ ಭಾಷಾ ವಿಭಾಗದವರು ಚಂದದ ಪದಗಳಲ್ಲಿ ಹೇಳಿದರು. ಒಬ್ಬರ ಕಣ್ಣೂ ಚಾವಣಿಯ ಕಡೆ ಹೋಗಲಿಲ್ಲ. ಕೊನೆಗೆ ಕೆರ್ತುವಿನ ಸರದಿ.

"ನನ್ನ ಕೋಣೇಲಿ ಗಾಳಿ ಚೆನ್ನಾಗಿದೆ," ಎಂದಳು ಕೆರ್ತು. ಟೋಪಿ ಇಲ್ಲೂ ತಲೆಯ ಮೇಲೇ ಇತ್ತು. "ತಲೆನೋವು ಇರೋರು ಯಾರಾದ್ರೂ ಅಲ್ಲಿಗೆ ಬರಲಿ. ನಾನು ತಗಡಿನ ಕೋಣೆಗೆ ಹೋಗ್ತೀನಿ. ನನಗೆ ಅಭ್ಯಾಸ ಇದೆ."

ಯೋರ್ಮ ರೈಮೊನ ಕಡೆ ತಿರುಗಿ, ಇನ್ನು ನಿನ್ನ ಮಷಿನ್ನುಗಳ ವಿಚಾರ ಹೇಳು ಎಂದ. ರೈಮೊ ಎದ್ದು ನಿಂತ. ಹೇಳಬೇಕಾದ್ದನ್ನು ವ್ಯಾನಿನಲ್ಲಿ ಬಾಯಿಪಾಠ ಮಾಡಿಕೊಂಡೇ ಬಂದಿದ್ದ. ಕೆರ್ತುವಿನ ಟೋಪಿ ನೋಡಿದ. ಪೆನ್ನು ಹಿಡಿದು ಕಾಯುತ್ತಿದ್ದ ಐಲಾಳನ್ನು ನೋಡಿದ. ತನ್ನ ಬಾಯಿಗೂ ಒಂದು ತುಂಡು ಟೇಪು ಹಾಕಿಕೊಂಡು ಬರಬೇಕಿತ್ತು ಎಂದು ಅನ್ನಿಸಿದ್ದು ಆಮೇಲೆ.

"ಮಷಿನ್ ಬೇಡ, ಯೋರ್ಮ. ಏಣಿ ತರಿಸು," ಎಂದ.

ಯಾಕೆ ಎಂದು ಯಾರೂ ಕೇಳಲಿಲ್ಲ. ಅದೇ ಸಾಕ್ಷಿಯಾಯಿತು. ಐಲಾ ಪೆನ್ನು ಕೆಳಗಿಟ್ಟಳು.

"ಗಾಳಿಬಾಯಿಗೆ ಟೇಪು ಅಂಟಿಸಿದೀನಿ, ನನ್ನದೇ ಮೊದಲನೇದು," ಎಂದಳು. "ಇದನ್ನೂ ಬರ್ಕೋಬೇಕಾ?"

"ಬರ್ಕೋ," ಎಂದ ಯೋರ್ಮ.

ಮುಖ್ಯಸ್ಥರು ಕೆಮ್ಮಿದರು. ತಮ್ಮದು ಎರಡು ಪದರ ಎಂದು ಲೋಟದೊಳಕ್ಕೆ ಹೇಳಿದರು. ರಟ್ಟು ಇಟ್ಟವರು ರಟ್ಟು ಅಂದರು. ಬಣ್ಣ ಬಳಿದವನು ಬಣ್ಣದ ಹೆಸರನ್ನೂ ಹೇಳಿದ. ಯೋರ್ಮ ಎಲ್ಲ ಕೇಳಿಸಿಕೊಂಡು, ಗೋಡೆ ಕೊರೆಯುವ ಮೊದಲು ಇದನ್ನು ಹೇಳಬಹುದಿತ್ತಲ್ಲ ಎಂದೇನೂ ಅನ್ನಲಿಲ್ಲ. ಟೇಪು ಯಾರದು ಎಂದಷ್ಟೇ ಕೇಳಿದ. ಎಲ್ಲರೂ ರೈಮೊನನ್ನು ನೋಡಿದರು.

"ಒಳ್ಳೇ ಅಂಟು," ಎಂದ ಯೋರ್ಮ. ಇಷ್ಟು ವರ್ಷದ ಸ್ನೇಹದಲ್ಲಿ ಅವನು ರೈಮೊನ ಮಾಲನ್ನು ಹೊಗಳಿದ್ದು ಅದೊಂದೇ ಸಲ.

ಆ ವಾರದಲ್ಲೇ ಟೇಪು ಕಿತ್ತರು. ಚಾವಣಿಯ ಬಣ್ಣವೂ ಜೊತೆಗೇ ಕಿತ್ತು ಬಂತು. ಗಾಳಿ ಹೊಂದಿಸುವವನೊಬ್ಬ ಬಂದು ಒಂದೊಂದು ಬಾಯಿಯನ್ನೂ ತಿರುಗಿಸಿ, ಗಾಳಿ ಕತ್ತಿಗೆ ಬೀಳದೆ ಚಾವಣಿ ಹಿಡಿದು ಹೋಗುವಂತೆ ಮಾಡಿದ. ತಲೆನೋವು ಇಳಿಯಿತು, ಐಲಾಳ ಡ್ರಾಯರಿಗೆ ಪೆನ್ನುಗಳು ಮರಳಿದವು. ತಗಡಿನ ಪೆಟ್ಟಿಗೆಗಳ ಮಾತು ನಿಂತಿತು. ಹೆಲ್ಸಿಂಕಿಯಿಂದ ಸಭ್ಯವಾದ ಎರಡು ಸಾಲು ಬಂತು: ಸದ್ಯಕ್ಕೆ ಬೇರೆ ಊರು ನೋಡುತ್ತಿದ್ದೇವೆ, ಬನ್ನು ಚೆನ್ನಾಗಿತ್ತು ಎಂದು ಹೆಂಡತಿಗೆ ತಿಳಿಸಿ.

ಅದಕ್ಕೆ ಬದಲಾಗಿ ರೈಮೊನಿಗೆ ಮರ್ಯಾದೆ ಹೆಚ್ಚಿತೆ ಎಂದರೆ ಅದೂ ಇಲ್ಲ. ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸಾರು ಬಡಿಸಿಕೊಂಡು ಕೂತರೆ, ಅಧ್ಯಾಪಕರು ಅವನನ್ನು ಕಂಡದ್ದೇ ಕತ್ತಿಗೆ ಶಾಲು ಬಿಗಿದುಕೊಳ್ಳುತ್ತಿದ್ದರು. ಭವನದಲ್ಲಿ ಚಳಿ ಎನಿಸಿದಾಗಲೆಲ್ಲ ಇವತ್ತು ರೈಮೊ ಜೋರಾಗಿದ್ದಾನೆ ಎನ್ನುವ ಮಾತು ಹುಟ್ಟಿಕೊಂಡಿತು. ಕೊನೆಗೂ ವಿಶ್ವವಿದ್ಯಾಲಯದಲ್ಲಿ ನನ್ನ ಹೆಸರು ಉಳೀತು ನೋಡು ಎಂದು ಅವನು ಐಲಾಳಿಗೆ ಹೇಳಿದ. ಲ್ಯಾಟಿನ್ ಪಾಸು ಮಾಡಿದ್ದರೂ ಇಷ್ಟು ಉಳಿಯುತ್ತಿರಲಿಲ್ಲ ಎಂದಳು ಅವಳು. ಮತ್ತೆ ಚೀಲ ಬದಲಿಸುವ ಕಾಲ ಬಂತು. ರೈಮೊ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಕಬ್ಬಿಣದ ಮೆಟ್ಟಿಲು ಹತ್ತಿದ.

ಹಿಮ ಕರಗುವ ಹೊತ್ತಿಗೆ ಒಂದು ದಿನ ಕೆರ್ತು ಅವನ ಅಂಗಡಿಗೆ ಬಂದಳು. ಟೋಪಿ ಇರಲಿಲ್ಲ; ಅವಳಿಗೆ ಕೂದಲು ಇದೆ ಎಂದು ರೈಮೊನಿಗೆ ಗೊತ್ತಾದದ್ದು ಅವತ್ತೇ. ಒಂದು ಏರ್ ಪ್ಯೂರಿಫೈಯರ್ ಬೇಕು ಎಂದಳು.

"ಈಗ ನಿನ್ನ ಕೋಣೇಲಿ ಗಾಳಿ ಸರಿ ಇದೆಯಲ್ಲ."

"ಸರಿ ಇದೆ."

"ಧೂಳು ಗೀಳು?"

"ಇಲ್ಲ." ಅವಳು ಕೈಗವಸು ತೆಗೆದು ಮಡಚಿದಳು. "ಕೋಣೆ ತುಂಬ ಸುಮ್ಮನಾಗಿಬಿಟ್ಟಿದೆ. ಬರೆಯೋಕಾಗ್ತಿಲ್ಲ. ಗಾಳಿ ಬೇಡ ನನಗೆ, ಸದ್ದು ಸಾಕು."

ಅದು ಬೇಕಾಗಿಲ್ಲ, ಕಿಟಕಿ ತೆಗೆದಿಟ್ಟುಕೋ ಎಂದು ಹೇಳಬಹುದಿತ್ತು. ಆದರೆ ಒಂದು ಚಳಿಗಾಲಕ್ಕೆ ಒಂದು ಪ್ರಾಮಾಣಿಕತೆ ಸಾಕು ಎಂದು ರೈಮೊನ ಅನುಭವ. ಕಪಾಟಿನಲ್ಲಿದ್ದ ಮಷಿನ್ನುಗಳನ್ನು ಒಂದೊಂದಾಗಿ ಹಚ್ಚಿ ತೋರಿಸಿದ. ಕೆರ್ತು ಕಣ್ಣು ಮುಚ್ಚಿಕೊಂಡು, ಹಸುವಿನ ಕೊರಳಿಗೆ ಗಂಟೆ ಆರಿಸುವವಳ ಹಾಗೆ ಕೇಳಿಸಿಕೊಂಡಳು. ಹೊಸ ಮಾದರಿಗಳು ಒಂದೂ ಹಿಡಿಸಲಿಲ್ಲ. ಸದ್ದೇ ಮಾಡುವುದಿಲ್ಲ ಎಂದು ಜಂಬ ಕೊಚ್ಚುವಂಥವು. ಕೊನೆಗೆ ಮೂಲೆಯಲ್ಲಿ ಬಿದ್ದಿದ್ದ, ಗೊರಗೊರ ಎನ್ನುತ್ತದೆಂದು ಗಿರಾಕಿಯೊಬ್ಬ ಹಿಂದಿರುಗಿಸಿದ್ದ ಹಳೆಯದೊಂದನ್ನು ಒಪ್ಪಿದಳು. ಹೊಸದರ ಬೆಲೆ ಹೇಳೋಣವೆಂದು ನಾಲಗೆ ತುದಿವರೆಗೂ ಬಂದಿತ್ತು, ಹಳೆಯದರದೇ ಹೇಳಿದ.

ಅವಳ ಕೋಣೆಗೆ ತಾನೇ ಹೊತ್ತುಕೊಂಡು ಹೋದ. ಎರಡನೇ ಮಹಡಿ, ಪಡಸಾಲೆಯ ತುದಿ. ಆ ಚಳಿಗಾಲದ ಇಡೀ ದೊಡ್ಡ ಆರ್ಡರು ಒಂದೇ ಕಂಕುಳಲ್ಲಿ ಹಿಡಿಯಿತು.